ಎರಡನೆಯ ಹಿಗ್ಸ್ ಇರಬಾರದೆಂದು ಹೇಳಿದವರು ಯಾರು?

ಪ್ರಶ್ನೆ: ಜಮಖಂಡಿಯ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಹಿಗ್ಸ್ ಪಾಠ ಮುಗಿದ ಮೇಲೆ ಬಿ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿಗಳು ಒಂದು ಪ್ರಶ್ನೆ ಎತ್ತಿದರು. ದ್ರವ್ಯವನ್ನು ಕಟ್ಟುವ ಮೂಲಕಣಗಳಲ್ಲಿ ಕ್ವಾರ್ಕ್ ಆರು, ಲೆಪ್ಟಾನ್ ಆರು ಇರುವಾಗ ಹಿಗ್ಸ್ ಮಾತ್ರ ಒಂದೇ ಏಕೆ? ಹೆಚ್ಚು ಹಿಗ್ಸ್ ಕಣಗಳಿರುವ ಮಾದರಿಗಳು ಹಲವಾರಿವೆ ಎಂದು ಓದಿದ್ದೇವೆ. ಅವೆಲ್ಲ ಬರೀ ಊಹೆಯೇ, ಇಲ್ಲವೇ ಯಾವುದನ್ನಾದರೂ ಗಂಭೀರವಾಗಿ ಪರಿಗಣಿಸಬೇಕೇ? 2022ರಲ್ಲಿ ಡಬ್ಲ್ಯೂ ಬೋಸಾನಿನ (ದುರ್ಬಲ ಬಲವನ್ನು ಸಾಗಿಸುವ ಕಣದ) ತೂಕ ಹೆಚ್ಚು ಬಂದಿದೆ, ಹೊಸ ಹಿಗ್ಸ್ ಇರಬೇಕು ಎಂಬ ಸುದ್ದಿ ಏನಾಯಿತು? ನಮ್ಮ ಹುಡುಗರು ಈ ವಿಷಯದಲ್ಲಿ ತಾವೇ ಏನಾದರೂ ಮಾಡಿ ನೋಡಲು ಸಾಧ್ಯವೇ?

ಉತ್ತರ: ನಿಮ್ಮ ವಿದ್ಯಾರ್ಥಿಗಳ ಮೊದಲ ಪ್ರಶ್ನೆಗೆ ನೇರವಾದ ಉತ್ತರವೇ ಇದೆ: ಎರಡನೆಯ ಹಿಗ್ಸ್ ಇರಬಾರದೆಂದು ಯಾವ ತತ್ತ್ವವೂ ಹೇಳುವುದಿಲ್ಲ. 1964ರಲ್ಲಿ ರಾಬರ್ಟ್ ಬ್ರೌಟ್ ಮತ್ತು ಫ್ರಾಂಸ್ವಾ ಆಂಗ್ಲೇರ್ ಜೊತೆಯಾಗಿ, ಪೀಟರ್ ಹಿಗ್ಸ್ ಪ್ರತ್ಯೇಕವಾಗಿ ಪ್ರಕಟಿಸಿದ ಪ್ರಬಂಧಗಳಲ್ಲಿ ಇದ್ದದ್ದು ಬಲವಾಹಕ ಕಣಗಳಿಗೆ ದ್ರವ್ಯರಾಶಿ ಬರುವ ಒಂದು ವಿಧಾನ. ಇಂತಿಷ್ಟೇ ಕ್ಷೇತ್ರಗಳಿರಬೇಕೆಂಬ ನಿಯಮ ಅಲ್ಲಿರಲಿಲ್ಲ. 1967ರಲ್ಲಿ ಸ್ಟೀವನ್ ವೈನ್‌ಬರ್ಗ್ ಆ ವಿಧಾನವನ್ನು ವಿದ್ಯುತ್ಕಾಂತ ಬಲ ಮತ್ತು ದುರ್ಬಲ ಬಲಗಳನ್ನು ಒಂದುಗೂಡಿಸಲು ಬಳಸಿದಾಗ, ಕೆಲಸ ಸಾಗುವ ಅತಿ ಚಿಕ್ಕ ವ್ಯವಸ್ಥೆಯನ್ನು, ಅಂದರೆ ಒಂದೇ ಒಂದು ಡಬ್ಲೆಟ್ (ಜೋಡಿ) ಕ್ಷೇತ್ರವನ್ನು, ಆರಿಸಿಕೊಂಡರು. ಅಷ್ಟು ಸಾಕಾಯಿತು, ಅಷ್ಟೇ ಉಳಿಯಿತು. ಕ್ವಾರ್ಕ್ ಮತ್ತು ಲೆಪ್ಟಾನ್‌ಗಳು ಮೂರು ಪೀಳಿಗೆಗಳಲ್ಲಿ ಬರುವುದಕ್ಕೂ ಪ್ರಮಾಣಿತ ಮಾದರಿಯಲ್ಲಿ (ಮೂಲಕಣಗಳ ಬಗ್ಗೆ ಇಂದು ಒಪ್ಪಿತವಾಗಿರುವ ಸಿದ್ಧಾಂತದಲ್ಲಿ) ಕಾರಣವಿಲ್ಲ ಎಂಬುದನ್ನು ನೆನೆದರೆ, ಹಿಗ್ಸ್ ಒಂದೇ ಎಂಬ ನಂಬಿಕೆಗೆ ಮಿತವ್ಯಯದ ಹೊರತು ಬೇರೆ ಆಧಾರವಿಲ್ಲವೆಂದು ಒಪ್ಪಲೇಬೇಕಾಗುತ್ತದೆ.

ಆದರೆ ಕ್ಷೇತ್ರ ಸೇರಿಸುವುದಕ್ಕೆ ಅಡ್ಡಿಯಿಲ್ಲ ಎಂದ ಮಾತ್ರಕ್ಕೆ ಮನಬಂದಂತೆ ಸೇರಿಸಬಹುದು ಎಂದಲ್ಲ. ಹೊಸದಾಗಿ ಬಂದ ಪ್ರತಿಯೊಂದು ಕ್ಷೇತ್ರವೂ ಈಗಾಗಲೇ ನಿಖರವಾಗಿ ಅಳೆದಿಟ್ಟ ಯಾವುದೋ ಒಂದು ಸಂಖ್ಯೆಯನ್ನು ಕೆಡಿಸಲು ನೋಡುತ್ತದೆ. ಹೊಸ ಕಣವನ್ನು ಕಲ್ಪಿಸುವುದು ಈ ವಿಷಯದಲ್ಲಿ ಅತ್ಯಂತ ಸುಲಭದ ಕೆಲಸ. ಅದನ್ನು ಸೇರಿಸಿದ ಮೇಲೆಯೂ ಹಳೆಯ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದರಲ್ಲೇ ಎಲ್ಲ ಕಷ್ಟವೂ ಇದೆ, ಮಾದರಿಗಳ ಯೋಗ್ಯತೆ ತೀರ್ಮಾನವಾಗುವುದೂ ಅಲ್ಲಿಯೇ.

ಮೊದಲು ಒಂದು ಎಣಿಕೆ ಮಾಡಿಕೊಳ್ಳೋಣ. ಪ್ರಮಾಣಿತ ಮಾದರಿಯ ಡಬ್ಲೆಟ್‌ನಲ್ಲಿ ಎರಡು ಸಂಕೀರ್ಣ ಕ್ಷೇತ್ರಗಳಿವೆ, ಅಂದರೆ ನಾಲ್ಕು ವಾಸ್ತವ ಅಂಶಗಳು. ನಿರ್ವಾತದಲ್ಲಿ ಈ ಕ್ಷೇತ್ರದ ಮೌಲ್ಯ ಸೊನ್ನೆಯಾಗಿರದೆ 246 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಆಗಿದೆ (ಮುಂದೆ ಇದನ್ನು ಜಿಇವಿ ಎಂದು ಬರೆಯುತ್ತೇನೆ, ಪ್ರೋಟಾನಿನ ದ್ರವ್ಯರಾಶಿ ಸುಮಾರು 0.94 ಜಿಇವಿ). ನಾಲ್ಕು ಅಂಶಗಳಲ್ಲಿ ಮೂರು, ಡಬ್ಲ್ಯೂ ಪ್ಲಸ್, ಡಬ್ಲ್ಯೂ ಮೈನಸ್ ಮತ್ತು ಝಡ್ ಎಂಬ ದುರ್ಬಲ ಬಲದ ವಾಹಕ ಕಣಗಳಿಗೆ ದ್ರವ್ಯರಾಶಿ ಕೊಡುವುದರಲ್ಲಿ ಅವುಗಳೊಳಗೇ ಸೇರಿಹೋಗುತ್ತವೆ. ಉಳಿದ ಒಂದೇ, 2012ರ ಜುಲೈ 4ರಂದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಅಟ್ಲಾಸ್ ಮತ್ತು ಸಿಎಂಎಸ್ ತಂಡಗಳು ಘೋಷಿಸಿದ ಸುಮಾರು 125 ಜಿಇವಿಯ ಕಣ. ಹಾಗಾಗಿ ಹೊಸ ಮಾದರಿಯೊಂದನ್ನು ಕಂಡಾಗ ವಿದ್ಯಾರ್ಥಿಗಳು ಮೊದಲು ಮಾಡಬೇಕಾದದ್ದು ಇಷ್ಟೇ: ಒಟ್ಟು ವಾಸ್ತವ ಅಂಶಗಳನ್ನು ಎಣಿಸಿ ಮೂರನ್ನು ಕಳೆಯುವುದು. ಉಳಿದಷ್ಟು ಕಣಗಳನ್ನು ಪ್ರಯೋಗ ಹುಡುಕಬೇಕಾಗುತ್ತದೆ.

ಈಗ ಹಳೆಯ ಲೆಕ್ಕದ ಮಾತು. ಡಬ್ಲ್ಯೂ ದ್ರವ್ಯರಾಶಿ ಸುಮಾರು 80.4 ಜಿಇವಿ, ಝಡ್‌ನದು 91.19 ಜಿಇವಿ. ಇವೆರಡರ ಅನುಪಾತವನ್ನು ದುರ್ಬಲ ಬಲದ ಮಿಶ್ರಣ ಕೋನದೊಂದಿಗೆ ಹೋಲಿಸಿ ಪಡೆಯುವ ಒಂದು ಸಂಖ್ಯೆಗೆ ರೋ ಎಂದು ಹೆಸರು. ಕ್ವಾಂಟಂ ತಿದ್ದುಪಡಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ರೋ ಒಂದರಿಂದ ಸಾವಿರದಲ್ಲೊಂದು ಪಾಲಿನಷ್ಟು ಕೂಡ ಸರಿದಿಲ್ಲ. ಯಾವ ಕ್ಷೇತ್ರ ಸೇರಿಸಿದರೆ ರೋ ಎಷ್ಟಾಗುತ್ತದೆ ಎಂಬುದನ್ನು ಕಪ್ಪುಹಲಗೆಯ ಮೇಲೆ ಎರಡು ನಿಮಿಷದಲ್ಲಿ ಕಂಡುಕೊಳ್ಳಬಹುದು. ಐಸೋಸ್ಪಿನ್ ಮತ್ತು ಹೈಪರ್‌ಚಾರ್ಜ್ ಎಂಬವು ಕ್ಷೇತ್ರವೊಂದು ದುರ್ಬಲ ಮತ್ತು ವಿದ್ಯುತ್ಕಾಂತ ಬಲಗಳಿಗೆ ಹೇಗೆ ಸ್ಪಂದಿಸುತ್ತದೆ ಎಂದು ಹೇಳುವ ಎರಡು ಸಂಖ್ಯೆಗಳು. ಕ್ಷೇತ್ರದ ಐಸೋಸ್ಪಿನ್ ಸಂಖ್ಯೆಯನ್ನು ಅದಕ್ಕಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಗುಣಿಸಿ, ಬಂದದ್ದರಲ್ಲಿ ಹೈಪರ್‌ಚಾರ್ಜಿನ ವರ್ಗವನ್ನು ಕಳೆಯಿರಿ; ಇದು ಅಂಶ. ಹೈಪರ್‌ಚಾರ್ಜಿನ ವರ್ಗದ ಎರಡರಷ್ಟು ಛೇದ. ಡಬ್ಲೆಟ್‌ಗೆ ಐಸೋಸ್ಪಿನ್ ಅರ್ಧ, ಹೈಪರ್‌ಚಾರ್ಜ್ ಅರ್ಧ: ಮುಕ್ಕಾಲರಲ್ಲಿ ಕಾಲು ಕಳೆದರೆ ಅರ್ಧ, ಛೇದವೂ ಅರ್ಧ, ಭಾಗಿಸಿದರೆ ಒಂದು. ಹೈಪರ್‌ಚಾರ್ಜ್ ಒಂದಿರುವ ಟ್ರಿಪ್ಲೆಟ್‌ಗೆ (ಮೂರು ಕ್ಷೇತ್ರಗಳ ಗುಂಪು, ಐಸೋಸ್ಪಿನ್ ಒಂದು) ಅಂಶ ಒಂದು, ಛೇದ ಎರಡು. ರೋ ಅರ್ಧಕ್ಕೆ ಇಳಿಯುತ್ತದೆ. ಅಂದರೆ ದ್ರವ್ಯರಾಶಿ ಕೊಡುವ ಕೆಲಸವನ್ನು ಟ್ರಿಪ್ಲೆಟ್ ಒಂದೇ ವಹಿಸಿಕೊಂಡಿದ್ದರೆ ನಮ್ಮ ಜಗತ್ತು ಹೀಗಿರುತ್ತಿರಲಿಲ್ಲ. ಡಬ್ಲೆಟ್ ಜೊತೆಗೆ ಅದೂ ಇದ್ದರೆ ಅದರ ನಿರ್ವಾತ ಮೌಲ್ಯ 246ರ ಎದುರು ಕೆಲವೇ ಜಿಇವಿ ಇರಬೇಕು. ಡಬ್ಲೆಟ್‌ಗಳನ್ನು ಎಷ್ಟು ಸೇರಿಸಿದರೂ ರೋ ಒಂದೇ ಆಗಿರುತ್ತದೆ. ಐಸೋಸ್ಪಿನ್ ಮತ್ತು ಹೈಪರ್‌ಚಾರ್ಜ್ ಎರಡೂ ಸೊನ್ನೆಯಾಗಿರುವ ಸಿಂಗ್ಲೆಟ್ ಈ ಲೆಕ್ಕದೊಳಗೆ ಬರುವುದೇ ಇಲ್ಲ. ವಿದ್ಯಾರ್ಥಿಗಳಿಗೆ ಕುತೂಹಲವಿದ್ದರೆ ಐಸೋಸ್ಪಿನ್ ಮೂರು, ಹೈಪರ್‌ಚಾರ್ಜ್ ಎರಡು ಇಟ್ಟು ನೋಡಲಿ; ಎಂಟು ಭಾಗಿಸು ಎಂಟು, ಮತ್ತೆ ಒಂದು. ಏಳು ಅಂಶಗಳ ಆ ಕ್ಷೇತ್ರವನ್ನು ಕುರಿತೂ ಪ್ರಬಂಧಗಳಿವೆ. ಗಣಿತ ಒಪ್ಪಿದೆ ಎಂಬುದನ್ನು ಬಿಟ್ಟರೆ ಅದನ್ನು ಬಯಸಲು ಬೇರೆ ಕಾರಣ ನನಗೆ ಕಂಡಿಲ್ಲ.

ಈ ಒಂದು ಸೋಸುವಿಕೆಯಲ್ಲೇ ಮಾದರಿಗಳ ಗುಂಪು ಬಹಳಷ್ಟು ತೆಳುವಾಗುತ್ತದೆ. ಉಳಿದವುಗಳಲ್ಲಿ ಅತ್ಯಂತ ಸರಳವಾದದ್ದು ಸಿಂಗ್ಲೆಟ್ ಸೇರಿಸಿದ ಮಾದರಿ. ಸಿಂಗ್ಲೆಟ್ ಕ್ಷೇತ್ರಕ್ಕೆ ವಿದ್ಯುದಾವೇಶವಿಲ್ಲ, ದುರ್ಬಲ ಬಲದ ಪರಿಚಯವಿಲ್ಲ, ಕ್ವಾರ್ಕ್‌ಗಳೊಂದಿಗೆ ನೇರ ನಂಟೂ ಇಲ್ಲ. ಅದಕ್ಕೆ ಗೊತ್ತಿರುವುದು ಹಿಗ್ಸ್ ಕ್ಷೇತ್ರವೊಂದೇ. ಅದಕ್ಕೂ ನಿರ್ವಾತ ಮೌಲ್ಯವಿದ್ದರೆ ಎರಡೂ ಕ್ಷೇತ್ರಗಳು ಒಂದು ಕೋನದಷ್ಟು ಬೆರೆತು ಎರಡು ಕಣಗಳಾಗಿ ಹೊರಬರುತ್ತವೆ. ಒಂದು ನಾವು ಕಂಡ 125 ಜಿಇವಿಯ ಕಣ, ಇನ್ನೊಂದು ಅದಕ್ಕಿಂತ ಭಾರವೋ ಹಗುರವೋ ಆದ ಮತ್ತೊಂದು. ಹಾಲಿಗೆ ನೀರು ಬೆರೆಸಿದರೆ ಕೊಬ್ಬು, ಸಕ್ಕರೆ, ಪ್ರೋಟೀನು ಎಲ್ಲವೂ ಒಂದೇ ಪ್ರಮಾಣದಲ್ಲಿ ತೆಳುವಾಗುವಂತೆ, ಸಿಂಗ್ಲೆಟ್ ಬೆರೆತ ಹಿಗ್ಸ್ ಕಣವು ಡಬ್ಲ್ಯೂ, ಝಡ್, ಟಾಪ್ ಕ್ವಾರ್ಕ್, ಟೌ ಲೆಪ್ಟಾನ್ ಎಲ್ಲದರೊಂದಿಗೂ ಒಂದೇ ಪ್ರಮಾಣದಲ್ಲಿ ಕಡಿಮೆ ಸೆಳೆತ ತೋರಿಸುತ್ತದೆ. ಇದರಿಂದ ಪರೀಕ್ಷೆ ಸುಲಭವಾಗುತ್ತದೆ: ಒಟ್ಟು ಹಿಗ್ಸ್ ಘಟನೆಗಳ ಸಂಖ್ಯೆ ಪ್ರಮಾಣಿತ ಮಾದರಿ ಹೇಳಿದ್ದರ ಎಷ್ಟು ಪಾಲು ಇದೆಯೆಂದು ನೋಡಿದರಾಯಿತು. ಕಣ ಕಂಡು ಹತ್ತು ವರ್ಷ ತುಂಬಿದಾಗ, 2022ರಲ್ಲಿ, ಅಟ್ಲಾಸ್ ತಂಡ ಕೊಟ್ಟ ಅನುಪಾತ 1.05, ದೋಷದ ಮಿತಿ 0.06; ಸಿಎಂಎಸ್ ಕೊಟ್ಟದ್ದು 1.00, ದೋಷದ ಮಿತಿ ಹೆಚ್ಚುಕಡಿಮೆ ಅಷ್ಟೇ. ಅಟ್ಲಾಸ್ ಅಂಕಿಯನ್ನೇ ಹಿಡಿದು ದೋಷದ ಎರಡು ಪಟ್ಟು ಕೆಳಗೆ ಇಳಿದರೂ 0.93ರಲ್ಲಿ ನಿಲ್ಲುತ್ತೇವೆ, ಅಂದರೆ ಬೆರಕೆ ಸುಮಾರು ಶೇಕಡಾ 7ಕ್ಕಿಂತ ಹೆಚ್ಚಿರುವಂತಿಲ್ಲ. ಇದು ಒರಟು ಲೆಕ್ಕವೇ ಸರಿ, ಆದರೆ ತರಗತಿಗೆ ಸಾಕು. ಭಾರದ ಇನ್ನೊಂದು ಕಣ ಇದ್ದರೆ, ಅದೇ ದ್ರವ್ಯರಾಶಿಯ ಪ್ರಮಾಣಿತ ಹಿಗ್ಸ್ ಎಷ್ಟು ಹುಟ್ಟಬೇಕಿತ್ತೋ ಅದರ ಈ ಶೇಕಡಾ 7ರೊಳಗಿನ ಪಾಲು ಮಾತ್ರ ಹುಟ್ಟುತ್ತದೆ.

ಎರಡನೆಯ ಡಬ್ಲೆಟ್ ಸೇರಿಸಿದರೆ ಕಥೆ ಬೇರೆ, ಮತ್ತು ನನ್ನ ಮಟ್ಟಿಗೆ ಇಡೀ ವಿಷಯದ ಸ್ವಾರಸ್ಯವಿರುವುದು ಇಲ್ಲಿಯೇ. ಎಂಟು ಅಂಶಗಳಲ್ಲಿ ಮೂರು ಕಳೆದರೆ ಐದು ಕಣಗಳು: ಆವೇಶವಿಲ್ಲದ ಎರಡು ಹಿಗ್ಸ್, ಕನ್ನಡಿ ಪ್ರತಿಬಿಂಬದಲ್ಲಿ ಚಿಹ್ನೆ ಬದಲಿಸುವ ಇನ್ನೊಂದು ತಟಸ್ಥ ಕಣ, ಮತ್ತು ಧನ, ಋಣ ಆವೇಶಗಳ ಒಂದು ಜೋಡಿ. 1973ರಲ್ಲಿ ಟಿ.ಡಿ. ಲೀ ಇದನ್ನು ಮುಂದಿಟ್ಟದ್ದು ಕಣಗಳ ಸಂಖ್ಯೆ ಹೆಚ್ಚಿಸುವ ಆಸೆಯಿಂದಲ್ಲ. ದ್ರವ್ಯ ಮತ್ತು ಪ್ರತಿದ್ರವ್ಯಗಳ ನಡುವೆ ನಿಸರ್ಗ ಮಾಡುವ ಸಣ್ಣ ಭೇದವು ನಿರ್ವಾತದಿಂದಲೇ ಹುಟ್ಟಬಹುದೇ ಎಂದು ನೋಡಲು ಅವರಿಗೆ ಎರಡು ಡಬ್ಲೆಟ್‌ಗಳು ಬೇಕಾಗಿದ್ದವು. ಆಗಿನ್ನೂ ಮೂರನೆಯ ಪೀಳಿಗೆಯ ಕ್ವಾರ್ಕ್‌ಗಳು ಕಂಡಿರಲಿಲ್ಲ ಎಂಬುದನ್ನು ಮರೆಯಬಾರದು.

ರೋ ಪರೀಕ್ಷೆಯನ್ನು ಸಲೀಸಾಗಿ ದಾಟುವ ಈ ಮಾದರಿ ಇನ್ನೊಂದು ಕಡೆ ಎಡವುತ್ತದೆ. ಕ್ವಾರ್ಕ್‌ಗಳ ದ್ರವ್ಯರಾಶಿ ಒಂದು ಮಾತೃಕೆಯ (ಮ್ಯಾಟ್ರಿಕ್ಸ್) ರೂಪದಲ್ಲಿರುತ್ತದೆ, ಮತ್ತು ಅದನ್ನು ಕರ್ಣೀಯಗೊಳಿಸಿದಾಗ ಸಿಗುವ ಸಂಖ್ಯೆಗಳೇ ನಾವು ಅಳೆಯುವ ದ್ರವ್ಯರಾಶಿಗಳು. ಒಂದೇ ಡಬ್ಲೆಟ್ ಇದ್ದಾಗ ಹಿಗ್ಸ್ ಕಣದ ಕಪ್ಲಿಂಗ್‌ಗಳ (ಬೇರೆ ಕಣಗಳೊಂದಿಗಿನ ನಂಟಿನ ಬಲಗಳ) ಮಾತೃಕೆಯೂ ಅದೇ ಆದ್ದರಿಂದ ಒಂದನ್ನು ಕರ್ಣೀಯಗೊಳಿಸಿದರೆ ಇನ್ನೊಂದೂ ಆಗಿಬಿಡುತ್ತದೆ. ಎರಡು ಡಬ್ಲೆಟ್‌ಗಳೂ ಅದೇ ಕ್ವಾರ್ಕ್‌ಗಳನ್ನು ಮುಟ್ಟಿದರೆ ದ್ರವ್ಯರಾಶಿಯ ಮಾತೃಕೆ ಎರಡರ ಮೊತ್ತವಾಗುತ್ತದೆ. ಉದಾಹರಣೆಗೆ ಮೊದಲನೆಯ ಮಾತೃಕೆಯ ಮೇಲಿನ ಸಾಲು 1, 1; ಕೆಳಗಿನ ಸಾಲು 1, 2 ಎಂದಿಟ್ಟುಕೊಳ್ಳಿ. ಎರಡನೆಯದರ ಮೇಲಿನ ಸಾಲು 1, ಮೈನಸ್ 1. ಕೆಳಗಿನ ಸಾಲು ಮೈನಸ್ 1, 2. ಕೂಡಿಸಿದರೆ ಕರ್ಣದಲ್ಲಿ 2 ಮತ್ತು 4, ಉಳಿದೆಡೆ ಸೊನ್ನೆ. ನೋಡಲು ಬಹಳ ಶುಭ್ರ. ಆದರೆ ಬಿಡಿಬಿಡಿಯಾಗಿ ನೋಡಿದರೆ ಎರಡರಲ್ಲೂ ಕರ್ಣದ ಆಚೆಗೆ ಒಂದೊಂದು ಸಂಖ್ಯೆ ಹಾಗೆಯೇ ಕುಳಿತಿದೆ. ಇದರ ಭೌತಿಕ ಅರ್ಥವೇನೆಂದರೆ, ತಟಸ್ಥ ಹಿಗ್ಸ್ ಕಣವೊಂದು ಡೌನ್ ಕ್ವಾರ್ಕನ್ನು ನೇರವಾಗಿ ಸ್ಟ್ರೇಂಜ್ ಕ್ವಾರ್ಕ್ ಆಗಿ ಮಾರ್ಪಡಿಸಬಲ್ಲದು. ಹಾಗಾದರೆ ತಟಸ್ಥ ಕೆಯಾನ್ (ಸ್ಟ್ರೇಂಜ್ ಕ್ವಾರ್ಕ್ ಸೇರಿರುವ ಒಂದು ಕಣ) ಮತ್ತು ಅದರ ಪ್ರತಿಕಣ ಒಂದಕ್ಕೊಂದು ಬೇಗಬೇಗನೆ ಬದಲಾಗುತ್ತವೆ, ಅವುಗಳಿಂದಾದ ಎರಡು ಸ್ಥಿತಿಗಳ ದ್ರವ್ಯರಾಶಿಗಳಲ್ಲಿ ದೊಡ್ಡ ಅಂತರ ಬೀಳುತ್ತದೆ. ನಿಜದಲ್ಲಿ ಅಳೆದಿರುವ ಅಂತರ ಒಂದು ಎಲೆಕ್ಟ್ರಾನ್‌ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಮೂರೂವರೆ ಪಾಲು. ಕೆಯಾನಿನ ದ್ರವ್ಯರಾಶಿಯಾದರೋ ಸುಮಾರು 49.8 ಕೋಟಿ ಎಲೆಕ್ಟ್ರಾನ್‌ವೋಲ್ಟ್. ಬಹಳ ಚಿಕ್ಕ ಯಂತ್ರಗಳ ಕಾಲದಿಂದ ಬಂದ ಈ ಅಳತೆ, ಇಂದಿನ 27 ಕಿಲೋಮೀಟರ್ ಸುತ್ತಳತೆಯ ಕೊಲೈಡರ್ ಕೂಡ ಮುಟ್ಟಲಾರದ ಎತ್ತರದ ಶಕ್ತಿಗಳಲ್ಲಿರುವ ಕಣಗಳನ್ನು ತಡೆದು ನಿಲ್ಲಿಸುತ್ತದೆ.

ಪರಿಹಾರ ಸೂಚಿಸಿದವರು 1977ರಲ್ಲಿ ಶೆಲ್ಡನ್ ಗ್ಲಾಶೋ ಮತ್ತು ವೈನ್‌ಬರ್ಗ್. ಅದೇ ವರ್ಷ ಇಮ್ಯಾನುಯೆಲ್ ಪಾಸ್ಕೋಸ್ ಕೂಡ ಪ್ರತ್ಯೇಕವಾಗಿ ಅದೇ ಮಾತು ಹೇಳಿದರು. ಒಂದೇ ಆವೇಶದ ಕ್ವಾರ್ಕ್‌ಗಳೆಲ್ಲ ಒಂದೇ ಡಬ್ಲೆಟ್‌ನಿಂದ ದ್ರವ್ಯರಾಶಿ ಪಡೆಯುವಂತೆ ಒಂದು ಸಮ್ಮಿತಿಯನ್ನು ಹೇರಿಬಿಟ್ಟರೆ ಮೊತ್ತದ ಪ್ರಶ್ನೆಯೇ ಏಳುವುದಿಲ್ಲ. ಹಾಗೆ ಹಂಚಲು ನಾಲ್ಕು ದಾರಿಗಳಿವೆ. ಎಲ್ಲವನ್ನೂ ಒಂದೇ ಡಬ್ಲೆಟ್‌ಗೆ ವಹಿಸುವುದು ಮೊದಲನೆಯ ಬಗೆ. ಅಪ್ ಬಗೆಯ ಕ್ವಾರ್ಕ್‌ಗಳು ಒಂದರಿಂದ, ಡೌನ್ ಬಗೆಯವು ಮತ್ತು ಆವೇಶವುಳ್ಳ ಲೆಪ್ಟಾನ್‌ಗಳು ಇನ್ನೊಂದರಿಂದ ಪಡೆಯುವುದು ಎರಡನೆಯ ಬಗೆ. ಉಳಿದೆರಡು ಬಗೆಗಳು ಲೆಪ್ಟಾನ್‌ಗಳನ್ನು ಆಚೀಚೆ ಮಾಡಿದಾಗ ಸಿಗುತ್ತವೆ. ಎರಡು ಡಬ್ಲೆಟ್‌ಗಳ ನಿರ್ವಾತ ಮೌಲ್ಯಗಳ ವರ್ಗಗಳನ್ನು ಕೂಡಿಸಿದರೆ 246ರ ವರ್ಗ ಬರಲೇಬೇಕು. ಅವುಗಳ ಅನುಪಾತ ಮಾತ್ರ ಮುಕ್ತ, ಅದಕ್ಕೆ ಟ್ಯಾನ್ ಬೀಟಾ ಎಂದು ಹೆಸರು. ಎರಡನೆಯ ಬಗೆಯಲ್ಲಿ ಆವೇಶವುಳ್ಳ ಹಿಗ್ಸ್ ಹಗುರವಾಗಿರಲು ಸಾಧ್ಯವಿಲ್ಲ, ಏಕೆಂದರೆ ಬಾಟಮ್ ಕ್ವಾರ್ಕ್ ಒಂದು ಫೋಟಾನನ್ನು ಹೊರಬಿಟ್ಟು ಸ್ಟ್ರೇಂಜ್ ಆಗುವ ಅಪರೂಪದ ಕ್ಷಯವನ್ನು ಅದು ಹೆಚ್ಚಿಸಿಬಿಡುತ್ತದೆ. ಹತ್ತು ಸಾವಿರದಲ್ಲಿ ಸುಮಾರು ಮೂರು ಸಲ ನಡೆಯುವ ಆ ಕ್ಷಯದ ಅಳತೆ, ಟ್ಯಾನ್ ಬೀಟಾ ಎಷ್ಟೇ ಇದ್ದರೂ, ಆ ಕಣವನ್ನು ಸುಮಾರು 600 ಜಿಇವಿಗಿಂತ ಮೇಲಕ್ಕೆ ತಳ್ಳುತ್ತದೆ. ಮೊದಲನೆಯ ಬಗೆಗೆ ಇಂಥ ಬಿಗಿ ಇಲ್ಲ. ಅಲ್ಲಿ ಟ್ಯಾನ್ ಬೀಟಾ ದೊಡ್ಡದಿದ್ದರೆ ಹೊಸ ಕಣಗಳು ಕ್ವಾರ್ಕ್‌ಗಳಿಂದ ದೂರವೇ ಉಳಿಯುವುದರಿಂದ ಹಗುರವಾದ ಕಣಗಳಿಗೂ ಜಾಗ ಉಳಿದಿದೆ.

ಮೂರನೆಯ ಒತ್ತಡ 125 ಜಿಇವಿಯ ಕಣದಿಂದಲೇ ಬರುತ್ತದೆ. ಸಿಂಗ್ಲೆಟ್‌ನಂತೆ ಎಲ್ಲ ಕಪ್ಲಿಂಗ್‌ಗಳನ್ನೂ ಒಟ್ಟಿಗೆ ಇಳಿಸದೆ, ಎರಡನೆಯ ಡಬ್ಲೆಟ್ ಬಾಟಮ್ ಕ್ವಾರ್ಕಿನ ಕಪ್ಲಿಂಗನ್ನು ಏರಿಸಿ ಟಾಪ್‌ನದನ್ನು ಇಳಿಸಬಹುದು, ಅಥವಾ ತಿರುಗಾಮುರುಗಾ ಮಾಡಬಹುದು. ಹಾಗೆ ಆಗಿರುವ ಸುಳಿವು ಈವರೆಗೆ ಇಲ್ಲ. ಡಬ್ಲ್ಯೂ, ಝಡ್, ಟಾಪ್, ಬಾಟಮ್, ಟೌ ಎಲ್ಲವೂ ಅಳತೆಯ ದೋಷದೊಳಗೆ ಪ್ರಮಾಣಿತ ಮಾದರಿಯ ಗೆರೆಯ ಮೇಲೆಯೇ ಇವೆ. ಇದಕ್ಕೆ ಎರಡು ವಿವರಣೆ ಸಾಧ್ಯ. ಹೊಸ ಕಣಗಳು ಬಹಳ ಭಾರವಾಗಿದ್ದು ಕೆಳಗಿನವರ ಲೆಕ್ಕಕ್ಕೆ ಕೈಹಾಕದೆ ಇರಬಹುದು. ಅಥವಾ ಅವು ಹತ್ತಿರದಲ್ಲೇ ಇದ್ದೂ ಮಿಶ್ರಣ ಕೋನವು ಆಕಸ್ಮಿಕವಾಗಿ 125ರ ಕಣವನ್ನು ಪ್ರಮಾಣಿತ ಹಿಗ್ಸ್‌ನಂತೆಯೇ ಕಾಣಿಸುವ ಜಾಗದಲ್ಲಿ ನಿಂತಿರಬಹುದು. ಎರಡನೆಯದು ತರ್ಕಕ್ಕೆ ವಿರುದ್ಧವಲ್ಲ. ಆದರೆ ಹಾಗೆ ನಿಲ್ಲಲು ಕಾರಣವಾದ ಸಮ್ಮಿತಿಯನ್ನು ತೋರಿಸದ ಮಾದರಿಯನ್ನು ನಾನು ಅರ್ಧ ಮುಗಿದ ಕೆಲಸವೆಂದೇ ಎಣಿಸುತ್ತೇನೆ.

ಪ್ರತಿಯೊಂದು ಕಣಕ್ಕೂ ಒಂದು ಸೂಪರ್‌ಸಂಗಾತಿ ಇದೆಯೆನ್ನುವ ಸೂಪರ್‌ಸಮ್ಮಿತಿಯ ಹೆಸರನ್ನು ವಿದ್ಯಾರ್ಥಿಗಳು ಕೇಳಿರುತ್ತಾರೆ. ಅಲ್ಲಿ ಎರಡು ಡಬ್ಲೆಟ್‌ಗಳು ಆಯ್ಕೆಯಲ್ಲ, ಅನಿವಾರ್ಯ. ಒಂದೇ ಇದ್ದರೆ ಅಪ್ ಮತ್ತು ಡೌನ್ ಬಗೆಯ ಕ್ವಾರ್ಕ್‌ಗಳೆರಡಕ್ಕೂ ದ್ರವ್ಯರಾಶಿ ಕೊಡಲು ಬರುವುದಿಲ್ಲ, ಕ್ವಾಂಟಂ ಮಟ್ಟದಲ್ಲಿ ಸಿದ್ಧಾಂತವೇ ಅಸಂಗತವಾಗುತ್ತದೆ. ಇದರಿಂದ ಒಂದು ದಿಟ್ಟ ಭವಿಷ್ಯನುಡಿಯೂ ಹುಟ್ಟುತ್ತದೆ: ಮೊದಲ ಹಂತದ ಲೆಕ್ಕದಲ್ಲಿ ಅತಿ ಹಗುರ ಹಿಗ್ಸ್ ಝಡ್‌ಗಿಂತ, ಅಂದರೆ 91 ಜಿಇವಿಗಿಂತ ಹಗುರವಾಗಿರಬೇಕು. ಟಾಪ್ ಕ್ವಾರ್ಕ್ ಮತ್ತು ಅದರ ಸೂಪರ್‌ಸಂಗಾತಿಯ ಕ್ವಾಂಟಂ ತಿದ್ದುಪಡಿಗಳು ಅದನ್ನು ಹೆಚ್ಚೆಂದರೆ 135ರ ಆಸುಪಾಸಿಗೆ ಎತ್ತಬಲ್ಲವು. 125 ಎಂಬುದು ಈ ಮಿತಿಯ ಒಳಗೇ ಇದೆ. ಆದರೆ ಅಲ್ಲಿಗೆ ಏರಲು ಸೂಪರ್‌ಸಂಗಾತಿ ಬಹಳ ಭಾರವಾಗಿರಬೇಕಾಗುತ್ತದೆ, ಅಷ್ಟು ಭಾರವಾದರೆ ಸೂಪರ್‌ಸಮ್ಮಿತಿಯನ್ನು ಬಯಸಲು ಇದ್ದ ಮೂಲ ಕಾರಣವೇ ಸವೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ರೋಹಿಣಿ ಗೋಡಬೋಲೆಯವರು ದಶಕಗಳ ಕಾಲ ದುಡಿದದ್ದು ಇದೇ ನೆಲದಲ್ಲಿ, ಕೊಲೈಡರ್‌ಗಳಲ್ಲಿ ಹಿಗ್ಸ್ ಮತ್ತು ಸೂಪರ್‌ಸಮ್ಮಿತಿಯನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆಯ ಮೇಲೆ. ನಿಮ್ಮ ವಿದ್ಯಾರ್ಥಿನಿಯರಿಗೆ ಅವರ ಹೆಸರನ್ನು ತಪ್ಪದೆ ಹೇಳಿ.

ಈಗ 2022ರ ಸುದ್ದಿ. ಅಮೆರಿಕದ ಫರ್ಮಿ ಪ್ರಯೋಗಾಲಯದ ಟೆವಟ್ರಾನ್ ಯಂತ್ರ 2011ರಲ್ಲೇ ನಿಂತಿತ್ತು. ಅದರ ದತ್ತಾಂಶವನ್ನು ವರ್ಷಗಟ್ಟಲೆ ಪರಿಶೀಲಿಸಿದ ಸಿಡಿಎಫ್ ತಂಡ ಡಬ್ಲ್ಯೂ ದ್ರವ್ಯರಾಶಿ 80.4335 ಜಿಇವಿ, ದೋಷ 0.0094 ಎಂದು ಪ್ರಕಟಿಸಿತು. ಪ್ರಮಾಣಿತ ಮಾದರಿಯ ಲೆಕ್ಕ 80.357. ಅಂತರ ಚಿಕ್ಕದಾಗಿ ಕಂಡರೂ ಅಳತೆ ಮತ್ತು ಲೆಕ್ಕ ಎರಡರ ಒಟ್ಟು ದೋಷದ ಸುಮಾರು ಏಳು ಪಟ್ಟು. ಮೇಲೆ ಹೇಳಿದ ಟ್ರಿಪ್ಲೆಟ್‌ನ ಇನ್ನೊಂದು ಬಗೆ ಇಲ್ಲಿ ನೆನಪಿಗೆ ಬರುವುದು ಸಹಜ: ಹೈಪರ್‌ಚಾರ್ಜ್ ಸೊನ್ನೆಯಿರುವ ಟ್ರಿಪ್ಲೆಟ್‌ಗೆ ಕೆಲವೇ ಜಿಇವಿ ನಿರ್ವಾತ ಮೌಲ್ಯವಿದ್ದರೆ ಅದು ಝಡ್ ಅನ್ನು ಮುಟ್ಟದೆ ಡಬ್ಲ್ಯೂವನ್ನು ಮಾತ್ರ ಅಷ್ಟು ಭಾರ ಮಾಡಬಲ್ಲದು. ಪ್ರಬಂಧಗಳು ಸಾಲುಗಟ್ಟಿ ಬಂದವು. 2024ರಲ್ಲಿ ಸಿಎಂಎಸ್ ಹೆಚ್ಚುಕಡಿಮೆ ಅಷ್ಟೇ ನಿಖರವಾಗಿ ಅಳೆದು 80.3602, ದೋಷ 0.0099 ಎಂದಿತು, ಅಟ್ಲಾಸ್ ಅಳತೆಯೂ ಅದರ ಕಡೆಗೇ ಇದೆ. ಎರಡು ಬಣಗಳ ನಡುವಿನ ಈ ಒಡಕಿಗೆ ಸರ್ವಸಮ್ಮತ ಕಾರಣ ಇನ್ನೂ ಹೊರಬಂದಿಲ್ಲ, ಆದರೆ ಟ್ರಿಪ್ಲೆಟ್ ಬೇಕೇಬೇಕು ಎಂಬ ಒತ್ತಾಯ ಈಗ ಉಳಿದಿಲ್ಲ. ಹಾಗೆಂದು ಟ್ರಿಪ್ಲೆಟ್‌ಗಳನ್ನು ಪೂರ್ತಿ ಕೈಬಿಡಬೇಕಿಲ್ಲ. ಹೈಪರ್‌ಚಾರ್ಜ್ ಒಂದಿರುವ ಟ್ರಿಪ್ಲೆಟ್ ನ್ಯೂಟ್ರಿನೊಗಳಿಗೆ ಅತಿ ಸಣ್ಣ ದ್ರವ್ಯರಾಶಿ ಕೊಡಬಲ್ಲದು, ಮತ್ತು ಅದರಲ್ಲಿರುವ ಎರಡು ಪಟ್ಟು ಆವೇಶದ ಕಣ ಒಂದೇ ಚಿಹ್ನೆಯ ಎರಡು ಲೆಪ್ಟಾನ್‌ಗಳಾಗಿ ಒಡೆದರೆ ಅದನ್ನು ಬೇರೆ ಯಾವುದರೊಂದಿಗೂ ಗೊಂದಲ ಮಾಡಿಕೊಳ್ಳುವಂತಿಲ್ಲ. 1985ರಲ್ಲಿ ಹೊವರ್ಡ್ ಜಾರ್ಜಿ ಮತ್ತು ಮೇರಿ ಮಹಾಚೆಕ್ ಎರಡು ಬಗೆಯ ಟ್ರಿಪ್ಲೆಟ್‌ಗಳನ್ನು ಜಾಣತನದಿಂದ ಜೋಡಿಸಿ, ಒಂದು ರೋವನ್ನು ಏರಿಸಿದಷ್ಟನ್ನು ಇನ್ನೊಂದು ಇಳಿಸುವಂತೆ ಮಾಡಿ ತೋರಿಸಿದರು. ಅಂದವಾದ ರಚನೆ, ಆದರೆ ಕ್ವಾಂಟಂ ತಿದ್ದುಪಡಿಗಳ ಎದುರು ಆ ಸಮತೋಲ ತಾನಾಗಿ ನಿಲ್ಲುವುದಿಲ್ಲ.

ಇಷ್ಟೆಲ್ಲ ತೊಡಕಿದ್ದರೂ ಎರಡನೆಯ ಹಿಗ್ಸ್ ಹುಡುಕಾಟ ಏಕೆ ಬಿಟ್ಟಿಲ್ಲ ಎಂದರೆ, ಪ್ರಮಾಣಿತ ಮಾದರಿ ಉತ್ತರಿಸಲಾಗದ ಪ್ರಶ್ನೆಗಳು ಈ ಬಾಗಿಲನ್ನೇ ಬಡಿಯುತ್ತವೆ. ವಿಶ್ವದಲ್ಲಿ ದ್ರವ್ಯವೇ ಉಳಿದು ಪ್ರತಿದ್ರವ್ಯ ಏಕೆ ಉಳಿಯಲಿಲ್ಲ ಎಂಬುದು ಅವುಗಳಲ್ಲಿ ದೊಡ್ಡದು. 1967ರಲ್ಲಿ ಆಂಡ್ರೇ ಸಖರೋವ್ ಇದಕ್ಕೆ ಬೇಕಾದ ಷರತ್ತುಗಳನ್ನು ಹೇಳಿದರು. ಸಮತೋಲದಿಂದ ಹೊರಗಿರುವ ಒಂದು ಘಟ್ಟವನ್ನು ವಿಶ್ವ ಹಾದುಬಂದಿರಬೇಕು ಎಂಬುದು ಅವುಗಳಲ್ಲೊಂದು. ಕಾದ ವಿಶ್ವ ತಣಿಯುತ್ತ ಹಿಗ್ಸ್ ಕ್ಷೇತ್ರ ಸೊನ್ನೆಯಿಂದ ಎದ್ದ ಗಳಿಗೆ ಅಂಥ ಘಟ್ಟವಾಗಿರಬಹುದಿತ್ತು, ನೀರು ಕುದಿಯುವಾಗಿನಂತೆ ಗುಳ್ಳೆಗಳೆದ್ದು ಬದಲಾವಣೆ ಥಟ್ಟನೆ ನಡೆದಿದ್ದರೆ. ಆದರೆ ಹಿಗ್ಸ್ ಸುಮಾರು 80 ಜಿಇವಿಗಿಂತ ಭಾರವಾಗಿದ್ದರೆ ಗುಳ್ಳೆಗಳೇಳದೆ ಬದಲಾವಣೆ ಮೆಲ್ಲಗೆ ಜರುಗಿಹೋಗುತ್ತದೆ ಎಂದು 1990ರ ದಶಕದ ಕಂಪ್ಯೂಟರ್ ಲೆಕ್ಕಗಳು ತೋರಿಸಿವೆ. 125 ಬಹಳ ಹೆಚ್ಚಾಯಿತು. ಒಂದು ಸಿಂಗ್ಲೆಟ್ ಅಥವಾ ಒಂದು ಡಬ್ಲೆಟ್ ಹೆಚ್ಚಾಗಿ ಇದ್ದರೆ ಗುಳ್ಳೆಗಳು ಮರಳಿ ಬರಬಹುದು. ಹಾಗೆಯೇ, 1978ರಲ್ಲಿ ನೀಲೇಂದ್ರ ದೇಶಪಾಂಡೆ ಮತ್ತು ಅರ್ನೆಸ್ಟ್ ಮಾ ಬರೆದ, ಕ್ವಾರ್ಕ್, ಲೆಪ್ಟಾನ್‌ಗಳನ್ನು ಮುಟ್ಟದ ಎರಡನೆಯ ಡಬ್ಲೆಟ್‌ನಲ್ಲಿ ಅತಿ ಹಗುರ ಕಣಕ್ಕೆ ಕ್ಷಯಿಸಲು ದಾರಿಯೇ ಇಲ್ಲದ್ದರಿಂದ ಅದು ಅದೃಶ್ಯ ದ್ರವ್ಯಕ್ಕೆ (ಡಾರ್ಕ್ ಮ್ಯಾಟರ್) ಒಳ್ಳೆಯ ಅಭ್ಯರ್ಥಿ.

ಗುಳ್ಳೆಗಳೆದ್ದಿರಬಹುದೇ ಎಂಬುದನ್ನು ಪರೀಕ್ಷಿಸುವ ಅಳತೆ ಯಾವುದೆಂದರೆ ಹಿಗ್ಸ್ ತನ್ನೊಂದಿಗೇ ತಾನು ವರ್ತಿಸುವ ಬಲ. ಪ್ರಮಾಣಿತ ಮಾದರಿಯಲ್ಲಿ ಅದಕ್ಕೆ ಸ್ವಾತಂತ್ರ್ಯವಿಲ್ಲ: 125ರ ವರ್ಗವನ್ನು 246ರ ವರ್ಗದ ಎರಡರಷ್ಟರಿಂದ ಭಾಗಿಸಿದರೆ ಸುಮಾರು 0.13. ಗುಳ್ಳೆಗಳೇಳುವ ಮಾದರಿಗಳಲ್ಲಿ ಈ ಬಲ ಅನೇಕ ವೇಳೆ ಕಣ್ಣಿಗೆ ಕಾಣುವಷ್ಟು ಬದಲಾಗುತ್ತದೆ. ಅಳೆಯಲು ಒಂದೇ ಘರ್ಷಣೆಯಲ್ಲಿ ಎರಡು ಹಿಗ್ಸ್ ಹುಟ್ಟಬೇಕು, ಅದು ಒಂದು ಹುಟ್ಟುವುದಕ್ಕಿಂತ ಸಾವಿರಕ್ಕೂ ಹೆಚ್ಚು ಪಟ್ಟು ಅಪರೂಪ. ಇಂದಿನ ದತ್ತಾಂಶದಲ್ಲಿ ಆ ಬಲ ಐದು ಪಟ್ಟು ಇದ್ದರೂ ಅಲ್ಲಗಳೆಯಲು ಕಷ್ಟ. ಸರ್ನ್ ಯಂತ್ರದ ತೀವ್ರತೆ ಹೆಚ್ಚಿಸಿ 2030ರ ದಶಕದಲ್ಲಿ ನಡೆಸುವ ಪ್ರಯೋಗದ ಮುಖ್ಯ ಗುರಿಗಳಲ್ಲಿ ಇದೂ ಒಂದು. ಅದೇ ದಶಕದಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಹಾರಿಸಲಿರುವ ಲೀಸಾ ನೌಕೆಗಳು ಆ ಗುಳ್ಳೆಗಳ ಘರ್ಷಣೆಯಿಂದ ಎದ್ದಿರಬಹುದಾದ ಗುರುತ್ವ ಅಲೆಗಳನ್ನು ಆಲಿಸಬಲ್ಲವು.

ಸುದ್ದಿಗಳ ಬಗ್ಗೆ ಇನ್ನೊಂದು ಎಚ್ಚರಿಕೆ. 2015ರ ಡಿಸೆಂಬರಿನಲ್ಲಿ ಎರಡು ಫೋಟಾನ್‌ಗಳ ದತ್ತಾಂಶದಲ್ಲಿ 750 ಜಿಇವಿಯ ಬಳಿ ಒಂದು ಉಬ್ಬು ಎರಡೂ ತಂಡಗಳಿಗೆ ಕಂಡಿತು. ನೂರಾರು ಪ್ರಬಂಧಗಳು ಅದನ್ನು ಎರಡನೆಯ ಹಿಗ್ಸ್ ಎಂದೂ ಮತ್ತೊಂದೆಂದೂ ವಿವರಿಸಿದವು. 2016ರ ಆಗಸ್ಟ್ ಹೊತ್ತಿಗೆ ಹೊಸ ದತ್ತಾಂಶದಲ್ಲಿ ಅದು ಇರಲಿಲ್ಲ. ಈಗ 95 ಜಿಇವಿಯ ಬಳಿ ಇನ್ನೊಂದು ಚಿಕ್ಕ ಉಬ್ಬಿನ ಮಾತಿದೆ. ಸಿಎಂಎಸ್‌ನಲ್ಲಿ ಅದರ ತೂಕ ಸ್ಥಳೀಯವಾಗಿ (ಆ ಒಂದೇ ಜಾಗವನ್ನು ನೋಡಿದರೆ) 2.9 ಸಿಗ್ಮಾ, ಅಂದರೆ ಸಹಜ ಏರಿಳಿತದ 2.9 ಪಟ್ಟು; ಅಟ್ಲಾಸ್‌ನಲ್ಲಿ 1.7. ನೂರು ಕಡೆ ಹುಡುಕಿದರೆ ಒಂದು ಕಡೆ ಇಷ್ಟು ಉಬ್ಬು ಕಾಣುವುದು ಅಚ್ಚರಿಯಲ್ಲ. ಗಮನಿಸುತ್ತಿರಬೇಕು, ನಂಬಲು ಆತುರ ಬೇಡ.

ಗಂಭೀರವಾಗಿ ಪರಿಗಣಿಸಬೇಕಾದವು ಯಾವುವು ಎಂದು ಕೇಳಿದ್ದೀರಿ. ಸಿಂಗ್ಲೆಟ್ ಮತ್ತು ಮೊದಲನೆಯ ಬಗೆಯ ಎರಡು ಡಬ್ಲೆಟ್‌ಗಳನ್ನು ನಾನು ಮುಂದಿಡುತ್ತೇನೆ, ಅವು ಸುಂದರವೆಂದಲ್ಲ. ಮೇಲಿನ ಮೂರೂ ಪರೀಕ್ಷೆಗಳ ನಂತರವೂ ಅವುಗಳಲ್ಲಿ ಹುಡುಕಲು ಜಾಗ ಉಳಿದಿದೆ, ಹುಡುಕಿದರೆ ತಪ್ಪೆಂದು ತೋರಿಸಲೂ ಸಾಧ್ಯವಿದೆ. ನ್ಯೂಟ್ರಿನೊಗಳ ಕಾರಣಕ್ಕೆ ಟ್ರಿಪ್ಲೆಟ್ ಅವುಗಳ ನಂತರ. ಯಾವ ಅಳತೆ ಬಂದರೂ ಒಂದು ಹೊಸ ನಿಯತಾಂಕ ತಿರುಗಿಸಿ ಬಚಾವಾಗುವ ಮಾದರಿಗಳಿಗೆ ಸಮಯ ಕೊಡಬೇಕಿಲ್ಲ.

ಕೊನೆಯದಾಗಿ ನಿಮ್ಮ ವಿದ್ಯಾರ್ಥಿಗಳ ಕೈಗೆ ಕೊಡಬಹುದಾದ ಕೆಲಸ. ಸಿಎಂಎಸ್ ತಂಡ 2011 ಮತ್ತು 2012ರ ದತ್ತಾಂಶವನ್ನು ಎಲ್ಲರಿಗೂ ತೆರೆದಿಟ್ಟಿದೆ, ಹಿಗ್ಸ್ ಕಣ ನಾಲ್ಕು ಲೆಪ್ಟಾನ್‌ಗಳಾಗಿ ಒಡೆಯುವ ಘಟನೆಗಳ ಮಾದರಿ ವಿಶ್ಲೇಷಣೆಯೂ ಅದರ ಜೊತೆಗಿದೆ. ಸಾಧಾರಣ ಲ್ಯಾಪ್‌ಟಾಪ್ ಮತ್ತು ಸ್ವಲ್ಪ ಪೈಥಾನ್ ಬಂದರೆ ಸಾಕು. ನಾಲ್ಕು ಕಣಗಳ ಶಕ್ತಿಗಳನ್ನು ಕೂಡಿಸಿ ವರ್ಗ ಮಾಡಿ, ಅದರಿಂದ ಒಟ್ಟು ಸಂವೇಗದ ವರ್ಗ ಕಳೆದು ವರ್ಗಮೂಲ ತೆಗೆದರೆ ದ್ರವ್ಯರಾಶಿ ಬರುತ್ತದೆ. ಬೆಳಕಿನ ವೇಗವನ್ನು ಒಂದು ಎಂದು ಇಟ್ಟುಕೊಂಡರಾಯಿತು. ಎಲ್ಲ ಘಟನೆಗಳನ್ನೂ ಸ್ತಂಭನಕ್ಷೆಯಲ್ಲಿ ಹಾಕಿದಾಗ 91ರಲ್ಲಿ ಝಡ್‌ನ ಚೂಪಾದ ಶಿಖರ, 125ರಲ್ಲಿ ಹಿಗ್ಸ್‌ನ ಪುಟ್ಟ ಉಬ್ಬು, 180 ದಾಟಿದ ಮೇಲೆ ಎರಡು ಝಡ್‌ಗಳು ಪೂರ್ಣ ದ್ರವ್ಯರಾಶಿಯಲ್ಲಿ ಹುಟ್ಟತೊಡಗುವುದರಿಂದ ಏಳುವ ಅಗಲವಾದ ಹಿನ್ನೆಲೆ ಕಾಣುತ್ತವೆ. ಭಾರದ ಸಿಂಗ್ಲೆಟ್ ಇದ್ದರೆ ಅದರ ಉಬ್ಬು ಏಳಬೇಕಾದದ್ದು ಈ ಹಿನ್ನೆಲೆಯ ಮೇಲೆಯೇ. 300 ಜಿಇವಿಯ ಕಣವೊಂದನ್ನು ಊಹಿಸಿಕೊಂಡು, ಬೆರಕೆ ಶೇಕಡಾ 7 ಇಟ್ಟು, ಎಷ್ಟು ಘಟನೆಗಳನ್ನು ನಿರೀಕ್ಷಿಸಬೇಕೆಂದು ಅವರಿಂದಲೇ ಲೆಕ್ಕ ಹಾಕಿಸಿ. ಕೈಬೆರಳಲ್ಲಿ ಎಣಿಸುವಷ್ಟು ಬರುತ್ತವೆ. ಹಿನ್ನೆಲೆಯ ಸಹಜ ಏರಿಳಿತ ಅದಕ್ಕಿಂತ ಕಡಿಮೆಯೇನೂ ಇರುವುದಿಲ್ಲ. ನಂತರ ದತ್ತಾಂಶ ನೂರು ಪಟ್ಟು ಹೆಚ್ಚಾದರೆ ಉಬ್ಬು ನೂರು ಪಟ್ಟು, ಏರಿಳಿತ ಹತ್ತು ಪಟ್ಟು ಮಾತ್ರ ಹೆಚ್ಚುತ್ತದೆ ಎಂಬುದನ್ನು ಅದೇ ನಕ್ಷೆಯ ಮೇಲೆ ಬರೆದು ನೋಡಲಿ.